ಎಲೆ ಉದುರದ ಬೇಲಿ

ಭಾನುವಾರ, ಮಾರ್ಚ್ ೩

ಮಗನೇ,

ನಾವು ಕ್ಷೇಮ. ನೀನೂ ಹಾಗೇ ಇರುವೆಯೆಂದು ನಂಬಿದ್ದೇನೆ. ಉತ್ತರ ತಡವಾಯಿತು, ಬೈದುಕೋ. ಈ ವಯಸ್ಸಿನಲ್ಲಿ ಮಣ್ಣು ಹೊರಲು ಇಳಿದಿದ್ದೆ. ಬೆರಳುಗಳು ಪೆನ್ನು ಹಿಡಿಯಲು ಒಪ್ಪಲಿಲ್ಲ. ಜೈಲಿನಲ್ಲಿ ಕಾಗದ ಒಡೆದು ಓದಿ ಆಮೇಲೆ ನಿನಗೆ ಕೊಡುವ ಸಾಹೇಬರಿಗೂ ನಮಸ್ಕಾರ ಹೇಳು. ಹಳೇ ಕುರ್ಚಿ, ಮಂಚ ಮಾರಿ ಬದುಕಿದವನ ಬರವಣಿಗೆಗೆ ಇಬ್ಬರು ಓದುಗರು ಸಿಕ್ಕಿರುವುದು ಸಣ್ಣ ಮಾತಲ್ಲ.

ಬಿಡುಗಡೆಯಾದ ಮೇಲೆ ಮನೆಗೇ ಬರಲೋ, ಬೇರೆ ಎಲ್ಲಾದರೂ ರೂಮು ಹಿಡಿಯಲೋ ಎಂದು ಕೇಳಿದ್ದೀಯ. ಅದಕ್ಕೆ ಬರುತ್ತೇನೆ. ಮೊದಲು ಮನೆಯ ಮುಂದಿನ ಗಿಡಗಳ ಸಂಗತಿ ಹೇಳಬೇಕು. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಲಾಗುವುದಿಲ್ಲ.

ಎದುರುಮನೆಯ ಟೈಲರಮ್ಮ ಬಂದಿದ್ದರು. ಅವರ ಮಗು ಹೋದ ಮೇಲೆ ನಮ್ಮ ಗೇಟು ದಾಟಿದ್ದು ಅದೇ ಮೊದಲು. ನಿನ್ನ ಅಮ್ಮ ಕುರ್ಚಿ ಎಳೆದಳು, ಅವರು ಕೂರಲಿಲ್ಲ.

"ನಿಮ್ಮ ಹುಡುಗ ಬರೋದು ಬೇಡ ಅಂತ ನಾನು ಹೇಳಲ್ಲ," ಎಂದರು. "ಕೋರ್ಟು ಹೇಳಿದಷ್ಟು ಮುಗಿಸಿ ಬರ್ತಾನೆ, ಬರಲಿ. ಆದ್ರೆ ಮಷೀನಿಂದ ತಲೆ ಎತ್ತಿದಾಗಲೆಲ್ಲ ಅವನು ಈ ಬಾಗಿಲಿಂದ ಬರೋದು, ಹೋಗೋದು ನೋಡೋಕೆ ನನ್ನ ಕೈಲಾಗಲ್ಲ. ಏನಾದ್ರೂ ಮರೆ ಮಾಡಿ."

"ಮಷೀನನ್ನ ಹಿಂದಿನ ಕೋಣೆಗೆ ಹಾಕ್ಕೊಳ್ಳಿ, ನಾನೇ ಹೊರಿಸ್ತೀನಿ," ಎಂದೆ. ಎಂದಿನ ಹಾಗೆ ನಾಲಿಗೆ ಮುಂದೆ ಓಡಿತು.

"ಬೆಳಕಿರೋ ಕಡೆ ತಾನೇ ಕೂರ್ಬೇಕು, ಯಜಮಾನ್ರೇ? ಕತ್ತಲಲ್ಲಿ ಸೂಜಿಗೆ ದಾರ ಹಾಕೋಕಾಗತ್ತಾ?"

ಗೋಡೆ ಎತ್ತರಿಸುತ್ತೇನೆ ಎಂದೆ. ಅದೂ ಬೇಡವಂತೆ. "ಗೋಡೆ ಆದ್ರೆ ಯಾಕೆ ಕಟ್ಟಿದ್ರು ಅಂತ ದಿನಾ ನೆನಪಾಗತ್ತೆ. ಗಿಡ ಆದ್ರೆ ಗಿಡ ಅಷ್ಟೇ." ಹೊರಟವರು ತಿರುಗಿ ನಿಂತರು. "ಹೂ ಬಿಡೋದು ಹಾಕ್ಬೇಡಿ. ಈ ಮನೆ ಮುಂದೆ ಹೂ ಅರಳೋದು ನಂಗೆ ಬೇಡ."

ವಾದಕ್ಕೆ ನನ್ನ ಬಳಿ ಏನಿತ್ತು? ಕುಡಿದು ಅಂಗಡಿಯ ವ್ಯಾನು ಓಡಿಸಿದವನು ನೀನು, ಸತ್ತದ್ದು ಅವರ ಮಗಳು, ಜಾಗ ನಮ್ಮದೇ ಗೇಟು. ಯಾವ ಕಡೆಯಿಂದ ಕೂಡಿ ಕಳೆದರೂ ಶೇಷ ಅಷ್ಟೇ ಉಳಿಯುತ್ತದೆ.

ಬೇಲಿ ಎಷ್ಟು ಎತ್ತರ ಬೇಕೆಂದು ತಿಳಿಯಲು ಮಾರನೆಯ ದಿನ ಅವರ ಮನೆಗೆ ಹೋದೆ. ಮಷೀನಿನ ಮುಂದಿನ ಸ್ಟೂಲು ತೋರಿಸಿ, "ಕೂತ್ಕೊಂಡು ನೋಡಿ, ಗೊತ್ತಾಗತ್ತೆ," ಎಂದರು. ಕೂತೊಡನೆ ಒಂದು ಕಾಲು ಸಡಿಲವೆಂದು ತಿಳಿಯಿತು. ಹಾಳು ಕಸುಬು, ಎಲ್ಲಿ ಹೋದರೂ ಬಿಡುವುದಿಲ್ಲ. ಆಮೇಲೆ ತಲೆ ಎತ್ತಿದೆ. ನಮ್ಮ ಮನೆಯನ್ನು ಅಲ್ಲಿಂದ ನಾನು ನೋಡಿಯೇ ಇರಲಿಲ್ಲ. ನಮ್ಮ ಗೇಟು, ಮೆಟ್ಟಿಲು, ಶಾಲೆಗೆ ಹೊರಡುವ ಮುಂಚೆ ನಿನ್ನ ಅಮ್ಮ ಆ ಮಗುವಿಗೆ ಜಡೆ ಹಾಕುತ್ತಿದ್ದ ಕಟ್ಟೆ, ಎಲ್ಲ ಕಿಟಕಿಯ ಚೌಕಟ್ಟಿನೊಳಗೆ ಅಳೆದು ಕೂರಿಸಿದ ಹಾಗಿದ್ದವು. ಕಣ್ಣು ಬೇರೆ ಕಡೆ ಹೊರಳಿಸೋಣವೆಂದರೆ ಬೇರೆ ಕಡೆಯೇ ಇಲ್ಲ. ಅಳತೆ ಹಿಡಿಯುವುದನ್ನು ಮರೆತು ಎದ್ದು ಬಂದೆ.

ನರ್ಸರಿಯಾಕೆ ನನ್ನನ್ನು ಚೆನ್ನಾಗಿ ಆಡಿಸಿದಳು. ದಾಸವಾಳ, ನಂದಿಬಟ್ಟಲು ಎರಡಕ್ಕೂ ಬೇಡವೆಂದೆ, ಹೂವಿನ ಗಿಡ. ಕಣಗಿಲೆಯೂ ಹೂವೇ, ಮೇಲೆ ವಿಷ. ಕಾಗದದ ಹೂವಿಗೆ ಮುಳ್ಳು. ಅಗಲ ಎಲೆಯ ಬಳ್ಳಿಯೊಂದು ನೋಡಲು ಜೋರಾಗಿತ್ತು, ಅದನ್ನೇ ಕೊಡು ಎಂದೆ. "ಚಳಿ ಬಂದ್ರೆ ಪೂರ್ತಿ ಬೋಳಾಗತ್ತೆ. ಕಡ್ಡಿ ನೋಡ್ಕೊಂಡು ಕೂರ್ತೀರಾ?" ಎಂದಳು. ಹೂ ಬಿಡಬಾರದು, ಎಲೆ ಉದುರಬಾರದು, ಮುಳ್ಳಿರಬಾರದು, ಬೇಗ ಬೆಳೆಯಬೇಕು ಎಂದು ನಾನು ಬೆರಳು ಮಡಿಸುತ್ತಿದ್ದರೆ ಆಕೆಗೆ ನಗು. "ನಿಮಗೆ ಬೇಕಾಗಿರೋದು ಗಿಡ ಅಲ್ಲ ಬಿಡಿ. ಹಸಿರು ಪೇಂಟು!"

ನಾನೂ ನಕ್ಕೆ. ಬಹಳ ದಿನಗಳ ಮೇಲೆ ನಕ್ಕಿದ್ದೆ, ದಾರಿಯುದ್ದಕ್ಕೂ ನಾಚಿಕೆಯಾಯಿತು.

ಕೊನೆಗೆ ಬೇಲಿಗೆ ಫೈಕಸ್ ತಂದೆ. ವರ್ಷವಿಡೀ ದಟ್ಟವಾಗಿರುತ್ತದೆ, ಬೇರು ಮಾತ್ರ ಪುಂಡ, ನೀರಿನ ಪೈಪಿಗೇ ಕೈ ಹಾಕುತ್ತದಂತೆ. ಹಾಕಲಿ. ಗೇಟಿನ ಕಮಾನಿಗೆ ಮನಿಪ್ಲಾಂಟ್ ಹಬ್ಬಿಸಿದ್ದೇನೆ. ಅಲ್ಲಿ ನೆರಳಿದೆ, ಚೆನ್ನಾಗಿ ಹತ್ತಿದೆ. ಸಸಿ ಸಣ್ಣದಾದರೆ ನೀನು ಬರುವ ಹೊತ್ತಿಗೆ ಸಾಲದೆಂದು ಆಳೆತ್ತರದವನ್ನೇ ತಂದು ಒತ್ತೊತ್ತಾಗಿ ನೆಟ್ಟೆ. ಟೈಲರಮ್ಮ ಕಿಟಕಿಯಿಂದ ನೋಡಿ ತಲೆ ಆಡಿಸಿದರು, ಅಷ್ಟೇ. ಅಂದಿನಿಂದ ಆ ಮಷೀನಿನ ಸದ್ದು ಕೇಳಿಸುತ್ತದೆ, ಅವರು ಕಾಣುವುದಿಲ್ಲ.

ಅಮ್ಮ ಚೆನ್ನಾಗಿದ್ದಾಳೆ. ನಿನಗೆ ಬರೆಯಲು ಕೂತರೆ ಏನಾದರೂ ಕೆಲಸ ನೆನಪಾಗಿ ಏಳುತ್ತಾಳೆ. ಗಿಡಗಳಿಗೆ ನೀರು ಹಾಕಲು ಬೇರೆ ಯಾರನ್ನೂ ಬಿಡುವುದಿಲ್ಲ. ಒಣಗಿದ ಒಂದು ಎಲೆ ಕಂಡರೂ ನನ್ನನ್ನು ಕರೆದು ತೋರಿಸುತ್ತಾಳೆ.

ಊಟ ಬಿಡಬೇಡ. ಸಿಟ್ಟಿನವರ ಜೊತೆ ಮಾತು ಬೆಳೆಸಬೇಡ. ದೇವರು ನಿನ್ನನ್ನು ಕಾಯಲಿ. ಆ ಮನೆಯವರನ್ನು ನಿನಗಿಂತ ಮೊದಲು ಕಾಯಲಿ.

ಇಂತಿ,
ನಿನ್ನ ಅಪ್ಪ

ತಾಜಾ ಕಲಂ: ನಿನ್ನ ಪ್ರಶ್ನೆಗೆ ಉತ್ತರ ಬರೆಯದೆಯೇ ಕವರು ಅಂಟಿಸಿಬಿಟ್ಟಿದ್ದೆ. ಬಿಚ್ಚಿ ಬರೆಯುತ್ತಿದ್ದೇನೆ. ನಿನ್ನೆ ಅಮ್ಮ ನಡುಮನೆಯ ಕಿಟಕಿಯಲ್ಲಿ ನಿಂತು, ಒಮ್ಮೆ ಗೇಟಿನಿಂದ ಹೊರಗೆ ಹೋಗಿ ಒಳಗೆ ಬನ್ನಿ ಎಂದಳು. ಬಂದೆ. "ಇನ್ನೂ ಕಾಣ್ತೀರಿ," ಎಂದಳು. "ಒಳಗಡೆ ಇನ್ನೊಂದು ಸಾಲು ಹಾಕ್ಸಿ." ಬೀದಿಯ ಕಡೆ ಪೂರ್ತಿ ಮರೆಯಾಗಿದೆಯಲ್ಲೇ, ಇದು ಯಾರಿಗೆ ಎಂದು ಕೇಳಿದೆ. "ನಂಗೆ," ಎಂದಳು. ಇವತ್ತು ತಾನೇ ಗುಂಡಿ ತೋಡುತ್ತಿದ್ದಾಳೆ. ಅಂಗಡಿಯ ಮೇಲಿನ ಕೋಣೆಯಲ್ಲಿದ್ದ ಮಂಚಗಳನ್ನೆಲ್ಲ ಕೆಳಗಿಳಿಸಿದ್ದೇನೆ, ಒಂದನ್ನು ಬಿಟ್ಟು.