ನಾಲ್ಕು ದಿನದ ವಾರ ಬರೆಯಲಿರುವವರಿಗೆ

ಕೊಪ್ಪಳ
ಫೆಬ್ರವರಿ ಮೂವತ್ತು, ೨೧೭೪

ವಾರಕ್ಕೆ ನಾಲ್ಕು ದಿನ ದುಡಿದರೆ ಸಾಕೋ ಸಾಲದೋ ಎಂದು ವಾದ ಮಾಡುತ್ತಿರುವ ಹಿಂದಿನವರಿಗೆ,

ಮೇಲಿನ ತಾರೀಖು ಕೈತಪ್ಪಿ ಬರೆದದ್ದಲ್ಲ. ನನ್ನ ಅಜ್ಜನ ಕಾಲದಲ್ಲೇ ತಿಂಗಳುಗಳನ್ನೆಲ್ಲ ಒಂದೇ ಅಳತೆಗೆ ತಂದರು, ಹಾಗಾಗಿ ಫೆಬ್ರವರಿಗೂ ಮೂವತ್ತನೆಯ ದಿನ ಬಂತು. ನಿಮ್ಮ ಕಾಲದ ಬರವಣಿಗೆಯ ಕನ್ನಡವನ್ನು ನಾನು ಹಳೆಯ ಪುಸ್ತಕಗಳಿಂದ ಕಲಿತವಳು. ನಡುನಡುವೆ ಬರುವ ನಮ್ಮ ಕಾಲದ ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಿ. ಮನ್ನಿಸಿ ಎಂದು ಈ ಪತ್ರದಲ್ಲಿ ನಾನು ಕೇಳುವುದು ಇದೊಂದಕ್ಕೆ ಮಾತ್ರ.

ನನ್ನ ಹೆಸರು ಹುಲಿಗೆಮ್ಮ. ನನ್ನ ಗಂಡ ಗವಿಸಿದ್ದ ಊರ ಹೊರಗಿನ ಬಿಸಿಲುಗೂಡಿನಲ್ಲಿ ಕೆಲಸಕ್ಕಿದ್ದ. ಬಿಸಿಲುಗೂಡು ಎಂದರೆ ಹಗಲಿನ ಕಾವನ್ನು ಉಪ್ಪಿನಲ್ಲಿ ಹಿಡಿದಿಟ್ಟು, ಕತ್ತಲಾದ ಮೇಲೆ ಊರಿಗೆಲ್ಲ ಬೆಳಕು ಕೊಡುವ ಕಟ್ಟಡ. ಒಳಗೆ ಮನೆಯಷ್ಟು ದೊಡ್ಡ ಕೊಪ್ಪರಿಗೆಗಳು ಸಾಲಾಗಿ ನಿಂತಿರುತ್ತವೆ. ಅವುಗಳ ತಳಕ್ಕೆ ಕಟ್ಟಿಕೊಳ್ಳುವ ಕಿಟ್ಟವನ್ನು ಕೆರೆದು ತೆಗೆಯುವುದು ಅವನ ಕೆಲಸ. ಕೊಪ್ಪರಿಗೆಯ ಬಾಗಿಲು ತೆರೆಯುವ ಮೊದಲು ಅದು ಪೂರ್ತಿ ಆರಬೇಕು. ಆರಲು ಬಹಳ ಹೊತ್ತು ಬೇಕು, ಅವಸರ ಮಾಡಿದರೆ ಆಗುವ ಕೆಲಸವಲ್ಲ.

ನಾಲ್ಕು ದಿನದ ಕಾಯಿದೆಯನ್ನು ಬರೆದವರು ನಿಮ್ಮ ಪೈಕಿಯವರು. ಅದು ನಮ್ಮೂರ ತನಕ ನಡೆದು ಬರಲು ತಲೆಮಾರುಗಳೇ ಹಿಡಿದವು. ಬಂದದ್ದು ನನ್ನ ಮದುವೆಯಾದ ವರ್ಷ. ಉಳಿದ ಮೂರು ದಿನಕ್ಕೆ ನಾವು ಬಿಡುವಾರ ಎಂದು ಹೆಸರಿಟ್ಟೆವು. ಅದರಿಂದ ಒಳ್ಳೆಯದಾಗಲಿಲ್ಲ ಎಂದು ಹೇಳಿದರೆ ನನ್ನ ನಾಲಿಗೆ ಸೇದಿಹೋಗಲಿ. ನನ್ನ ಅಪ್ಪನ ಮುಖವನ್ನು ನಾನು ಚಿಕ್ಕಂದಿನಲ್ಲಿ ದೀಪದ ಬೆಳಕಿನಲ್ಲೇ ಕಂಡವಳು. ನನ್ನ ಮಗಳು ದ್ಯಾಮಿ ತನ್ನ ಅಪ್ಪನನ್ನು ಹಾಡಹಗಲು ಕಂಡಳು. ಅವನು ಮಾಳಿಗೆಯ ಮೇಲೆ ಹೀರೇಬಳ್ಳಿ ಹಬ್ಬಿಸಿದ. ರೊಟ್ಟಿ ಬಡಿಯಲು ಕಲಿತ. ಅವನು ಬಡಿದ ರೊಟ್ಟಿ ಯಾವ ಕಡೆಯಿಂದ ನೋಡಿದರೂ ಗುಂಡಗಿರಲಿಲ್ಲ. ಓಣಿಯ ಗಂಡಸರು ಸೇರಿ ಮುಳ್ಳುಗಂಟಿ ಬೆಳೆದಿದ್ದ ಹಳೆಯ ಬಾವಿಯ ಹೂಳೆತ್ತಿದರು. ಆಮೇಲೆ ನಮ್ಮ ಹುಡುಗಿಯರೂ ಅದರಲ್ಲಿ ಈಜು ಕಲಿತರು. ಯಾರಾದರೂ ಹಾಸಿಗೆ ಹಿಡಿದರೆ ಪಕ್ಕದಲ್ಲಿ ಕೂರಲು ಜನವಿತ್ತು.

ಬಿಡುವು ಎಲ್ಲರಿಗೂ ಸಿಕ್ಕಿತೆಂದೇನಲ್ಲ. ನನ್ನ ಅತ್ತೆ ಫಕೀರವ್ವ ಖಾನಾವಳಿ ನಡೆಸುತ್ತಿದ್ದಳು. ಊರಿಗೆ ಬಿಡುವಾದ ದಿನವೆಲ್ಲ ಊರು ಅವಳ ಪಂಕ್ತಿಯಲ್ಲಿ ಬಂದು ಕೂರುತ್ತಿತ್ತು. "ಅವರಿಗೆ ಸೂಟಿ ಆದಷ್ಟೂ ನನಗ ಒಲಿ ಮುಂದಿನ ಕೆಲಸ ಹೆಚ್ಚಾತು ನೋಡವ್ವಾ. ಈ ಕಾಯಿದೆ ಬರದವರ ಮನಿಯಾಗ ರೊಟ್ಟಿ ಯಾರು ಬಡೀತಿದ್ರು ಕೇಳು" ಎನ್ನುತ್ತಿದ್ದಳು. ಅವಳ ಪರವಾಗಿ ಈಗ ಕೇಳುತ್ತಿದ್ದೇನೆ.

ಆದರೆ ನನ್ನ ಸಿಟ್ಟಿನ ಮೂಲ ಅದಲ್ಲ. ನಿಮ್ಮ ಕಾಯಿದೆಯಲ್ಲಿ ದಿನ ಎಷ್ಟೆಂದು ಬರೆದಿತ್ತು. ಆ ದಿನಗಳಲ್ಲಿ ಕೆಲಸ ಎಷ್ಟೆಂಬುದಕ್ಕೆ ಮಾತ್ರ ಒಂದೇ ಸಾಲು: "ಕೆಲಸದ ಪ್ರಮಾಣವನ್ನು ಮಾಲೀಕರೂ ಕೆಲಸಗಾರರೂ ಪರಸ್ಪರ ಒಪ್ಪಿಗೆಯಿಂದ ನಿರ್ಧರಿಸತಕ್ಕದ್ದು." ಕೆಲವು ವರ್ಷ ಕಳೆದ ಮೇಲೆ ಬಿಸಿಲುಗೂಡಿನ ಮಾಲೀಕ ಪಂಪಾಪತಿ ಸಾವ್ಕಾರ ಆ ಸಾಲನ್ನು ಓದಿ ನಕ್ಕನಂತೆ. ಮೊದಲು ಆರು ದಿನದಲ್ಲಿ ಕೆರೆಯುತ್ತಿದ್ದಷ್ಟೇ ಕೊಪ್ಪರಿಗೆಗಳನ್ನು ನಾಲ್ಕು ದಿನದಲ್ಲಿ ಕೆರೆಯಬೇಕೆಂದ. ಒಪ್ಪದವರಿಗೆ ಗೇಟು ತೋರಿಸಿದ. ಮಿಕ್ಕವರು ಒಪ್ಪಿದರು. ಅದೇ ಪರಸ್ಪರ ಒಪ್ಪಿಗೆ.

ಗವಿಸಿದ್ದ ಬಿಡುವಾರದ ಮೊದಲ ದಿನವೆಲ್ಲ ಸತ್ತವನ ಹಾಗೆ ಮಲಗತೊಡಗಿದ. ಎರಡನೆಯ ದಿನ ಮೈಕೈ ನೋವೆಂದು ಗೋಡೆಗೆ ಒರಗಿ ಕೂರುತ್ತಿದ್ದ. ಮೂರನೆಯ ದಿನವಷ್ಟೇ ನನ್ನ ಗಂಡನಾಗಿ, ದ್ಯಾಮಿಯ ಅಪ್ಪನಾಗಿ ಎದ್ದು ಓಡಾಡುತ್ತಿದ್ದ. ಅಷ್ಟರಲ್ಲಿ ಸಂಜೆಯಾಗಿರುತ್ತಿತ್ತು. ಹೀರೇಬಳ್ಳಿ ಒಣಗಿತು.

ಇಷ್ಟಾದರೂ ಕೆಲಸ ಮುಗಿಯುತ್ತಿರಲಿಲ್ಲ. ಸಾವ್ಕಾರ ಕೊಪ್ಪರಿಗೆ ಆರಲು ಬಿಡುವ ಹೊತ್ತನ್ನೇ ಕತ್ತರಿಸಿದ. ಬಾಗಿಲ ಮೇಲೆ ಒಂದು ದೀಪವಿರುತ್ತದೆ. ಒಳಗೆ ಕಾವಿದ್ದರೆ ಕೆಂಪು, ಆರಿದರೆ ಹಸಿರು. ಕೆಂಪಿದ್ದರೂ ತೆರೆಯಿರಿ ಎಂದು ಬಾಯಿಮಾತಿನ ಅಪ್ಪಣೆ ಬಂತು. ವಾರದ ನಾಲ್ಕನೆಯ ದಿನ, ಪಾಳಿ ಇನ್ನೇನು ಮುಗಿಯಬೇಕು, ಗವಿಸಿದ್ದ ಒಂದು ಬಾಗಿಲು ತೆರೆದ. ಅವನ ಗುರುತು ಹಿಡಿಯಲು ನನ್ನನ್ನು ಕರೆಸಿದರು. ಕಾಲಿನ ಬೆರಳು ನೋಡಿ ಹಿಡಿದೆ. ಅದಕ್ಕಿಂತ ಹೆಚ್ಚು ಬರೆಯಲಾರೆ.

ವಿಚಾರಣೆ ನಡೆಯಿತು. ಪಂಪಾಪತಿ ಪಂಚರ ಮುಂದೆ ಕೈಜೋಡಿಸಿ ನಿಂತು, "ಮೂರು ದಿನ ಬಿಡುವು ಕೊಟ್ರ ಇವರು ಕುಡಿಯೋದು ಬಿಟ್ರ ಬ್ಯಾರೆ ಏನ್ ಮಾಡ್ತಾರ್ರೀ? ಅಮಲಿನಾಗ ದೀಪ ಕಂಡಿಲ್ಲ ಅವಗ" ಎಂದ. ಗವಿಸಿದ್ದ ಆಯುಷ್ಯದಲ್ಲಿ ಹೆಂಡ ಮುಟ್ಟಿದವನಲ್ಲ. ಬಿಡುವು ಹೆಚ್ಚಾದರೆ ಕೂಲಿಯವರು ಕೆಡುತ್ತಾರೆ ಎಂಬ ಮಾತನ್ನು ನಂಬಲು ಪಂಚರು ಮೊದಲೇ ತಯಾರಾಗಿದ್ದರು. ನಂಬಿದರು. ಹೊರಗೆ ಪಡಸಾಲೆಯಲ್ಲಿ ಪಂಪಾಪತಿ ನನ್ನ ಹತ್ತಿರ ಬಂದು ದನಿ ತಗ್ಗಿಸಿದ.

"ಹಂಗ ಅನ್ನಲಿಲ್ಲಂದ್ರ ಗೂಡು ಮುಚ್ಚತಿದ್ರವ್ವಾ. ಸತ್ತವನ ಹೆಸರು ಕೆಟ್ರ ಅವಗೇನು ಗೊತ್ತಾಗತೈತಿ?"

"ಅವಗ ಗೊತ್ತಾಗಂಗಿಲ್ರೀ. ಬದುಕಿದಾಕಿ ನಾ ಅದೀನಿ" ಎಂದೆ.

ಮರುವಾರವೇ ನಾನು ಅದೇ ಬಿಸಿಲುಗೂಡಿನಲ್ಲಿ ಕೆಲಸಕ್ಕೆ ಸೇರಿದೆ. ಹೊಟ್ಟೆಪಾಡಿಗೆ ಸೇರಿದಳೆಂದು ಜನ ತಿಳಿದರು. ನಾಲ್ಕು ದಿನ ಕಿಟ್ಟ ಕೆರೆದೆ. ಬಿಡುವಾರ ಬಂದರೆ ನಾನು ಮಲಗಲಿಲ್ಲ. ಸಾವ್ಕಾರ ನಮಗೆ ಭಿಕ್ಷೆಯಂತೆ ಎಸೆದಿದ್ದ ಆ ಮೂರು ದಿನಗಳಲ್ಲೇ ಕಾನೂನು ಓದಿದೆ. ಗೂಡಿನಿಂದ ಗೂಡಿಗೆ ತಿರುಗಿ, ಗಂಡಂದಿರನ್ನು ಕಳೆದುಕೊಂಡವರನ್ನೂ ಕೈ ಸುಟ್ಟುಕೊಂಡವರನ್ನೂ ಹುಡುಕಿ ಒಟ್ಟು ಮಾಡಿದೆ. ವಾರಕ್ಕೆ ಆರು ದಿನ ದುಡಿಯುವ ಹೆಂಗಸು ಇದನ್ನು ಮಾಡಲಾರಳು. ಬಿಡುವು ಸಿಕ್ಕಿದವರು ಏನು ಮಾಡಬಲ್ಲರೆಂದು ಪಂಪಾಪತಿ ಯೋಚಿಸಿರಲಿಲ್ಲ. ಕೊನೆಗೊಮ್ಮೆ ಸೀಮೆಯ ಎಲ್ಲ ಗೂಡುಗಳವರೂ ಕೆಲಸ ನಿಲ್ಲಿಸಿದೆವು, ಊರುಗಳು ಕತ್ತಲಲ್ಲಿ ಕೂತವು, ಆಮೇಲೆ ಹೊರೆ ಕಾಯಿದೆ ಬಂತು. ಒಬ್ಬರಿಂದ ಒಂದು ದಿನದಲ್ಲಿ ಎಷ್ಟು ಕೆಲಸ ತೆಗೆಯಬಹುದು ಎಂಬುದಕ್ಕೆ ಅದು ಮಿತಿ ಹಾಕಿತು. ಮಿತಿ ಮೀರಿದ ಮಾಲೀಕ ತನ್ನ ಗೂಡಿನಲ್ಲೇ, ತಾನು ಹಾಕಿದ ನಿಯಮದಲ್ಲೇ, ಒಂದು ಬೇಸಿಗೆ ದುಡಿಯಬೇಕು. ಅದಕ್ಕೆ ಪಾಲುಶಿಕ್ಷೆ ಎಂದು ಹೆಸರು. ಆ ಹೆಸರಿಟ್ಟವಳು ನಾನೇ. ಹೊರೆ ಅಳೆಯುವ ಅಧಿಕಾರಿಗಳನ್ನು ಆರಿಸುವಾಗ ನಮ್ಮ ಸೀಮೆಗೆ ನನ್ನನ್ನು ಆರಿಸಿದರು.

ಪಂಪಾಪತಿಗೆ ಹಳೆಯ ಚಟ ಹೋಗಿರಲಿಲ್ಲ. ಅವನು ಮತ್ತೆ ಕೆಂಪು ದೀಪದಲ್ಲಿ ಬಾಗಿಲು ತೆರೆಸುತ್ತಿದ್ದಾಗ ಹಿಡಿದೆ. ಆ ಬೇಸಿಗೆಯಲ್ಲಿ ಅವನು ನಮ್ಮಂತೆ ದಪ್ಪ ಅಂಗಿ ತೊಟ್ಟು ಸಾಲಿನಲ್ಲಿ ನಿಂತ. ನಾನು ದಿನವೂ ಹೋಗಿ ಎದುರಿಗೆ ಕುರ್ಚಿ ಹಾಕಿಕೊಂಡು ಕೂತೆ. ಅವನ ಅಂಗೈ ಬೊಬ್ಬೆ ಎದ್ದು ಒಡೆದದ್ದನ್ನು ನೋಡಿದೆ. ಬಿಡುವಾರ ಕಳೆದು ಬಂದಾಗಲೂ ಅವನ ಕಣ್ಣಿನ ಸುತ್ತ ಕಪ್ಪು ಹಾಗೇ ಇರುವುದನ್ನು ನೋಡಿದೆ. ನನಗೆ ಊಟ ರುಚಿಸಿತು, ನಿದ್ದೆ ಚೆನ್ನಾಗಿ ಬಂತು. ಇದನ್ನು ಮುಚ್ಚಿಡಲು ನನಗೆ ಮನಸ್ಸಿಲ್ಲ.

ಒಂದು ವಾರದ ಕೊನೆಯ ಪಾಳಿಯಲ್ಲಿ ಅವನ ಪಾಲಿಗೆ ಬಂದ ಬಾಗಿಲ ದೀಪ ಕೆಂಪಗಿತ್ತು. ಅವನದೇ ನಿಯಮದ ಪ್ರಕಾರ ತೆರೆಯಬೇಕು. ಅಗುಳಿಯ ಮೇಲೆ ಕೈಯಿಟ್ಟು ನನ್ನ ಕಡೆ ತಿರುಗಿದ. ಇಡೀ ಪಾಳಿ ಕೆಲಸ ನಿಲ್ಲಿಸಿ ನೋಡುತ್ತಿತ್ತು.

"ಹುಲಿಗೆಮ್ಮಾ, ಬ್ಯಾಡಂತ ಒಂದು ಮಾತು ಹೇಳವ್ವಾ."

"ಗವಿಸಿದ್ದ ಕುಡಿದಿದ್ದನೇನ್ರೀ?"

ಅವನು ತಲೆಯೆತ್ತಿ ಕೆಂಪು ದೀಪ ನೋಡಿದ.

"ಇಲ್ಲ" ಎಂದ.

"ಎಲ್ಲಾರಿಗೂ ಕೇಳಂಗ ಹೇಳ್ರೀ."

"ಕುಡಿದಿರಲಿಲ್ಲ. ನಾನ ತೆಗಿ ಅಂದಿದ್ದೆ. ಸುಳ್ಳು ಹೇಳಿದೆ."

ಅಷ್ಟು ಕೇಳಿದ ಮೇಲೂ ತೆರೆಯಿರಿ ಎಂದೇ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವನ ಪಕ್ಕದಲ್ಲಿ ರೇಣವ್ವ ನಿಂತಿದ್ದಳು, ಅದೇ ಕೊಪ್ಪರಿಗೆಗೆ ಅವನ ಜೊತೆಗಾರಳು. ಬಾಗಿಲು ತೆರೆದರೆ ಕಾವು ಇಬ್ಬರನ್ನೂ ತಿನ್ನುತ್ತದೆ. ಅವಳ ಸಲುವಾಗಿ "ಆರಲಿ" ಎಂದೆ. ಅವನು ಕುಸಿದು ಕೂತು, ನನ್ನತ್ತ ಕೈ ಮುಗಿದ. ಕ್ಷಮೆ ಸಿಕ್ಕಿತೆಂದು ತಿಳಿದಿದ್ದನೇನೋ. ದೀಪ ಹಸಿರಾದ ಕೂಡಲೇ ಅವನನ್ನು ಎಬ್ಬಿಸಿ ಕಿಟ್ಟ ಕೆರೆಯಲು ಒಳಗೆ ಕಳಿಸಿದೆ. ಬೇಸಿಗೆ ಮುಗಿಯುವ ತನಕ ಒಂದು ದಿನವನ್ನೂ ಬಿಟ್ಟುಕೊಡಲಿಲ್ಲ.

"ಸಮಾಧಾನ ಆತೇನವ್ವಾ?" ಎಂದು ದ್ಯಾಮಿ ಕೇಳಿದಳು. ಅಪ್ಪನ ಹೆಸರು ತೊಳೆದು ಬಂದದ್ದಕ್ಕೆ ಅವಳಿಗೆ ಅಳು ಬಂದಿತ್ತು.

"ಅರ್ಧ ಆತು" ಎಂದೆ.

ಉಳಿದ ಅರ್ಧ ನಿಮ್ಮದು. ಪಂಪಾಪತಿ ಬಾಗಿಲು ತೆರೆಸಿದ, ನಿಜ. ಹಾಗೆ ತೆರೆಸಲು ಅವನಿಗೆ ದಾರಿ ಬಿಟ್ಟುಕೊಟ್ಟವರು ನೀವು. ನಿಮ್ಮ ಕಾಲಕ್ಕೆ ಬಂದು ನಿಮ್ಮನ್ನು ಸಾಲಿನಲ್ಲಿ ನಿಲ್ಲಿಸುವ ಶಕ್ತಿ ನನಗಿಲ್ಲ. ನನ್ನಿಂದಾಗುವ ಶಿಕ್ಷೆ ಎಂದರೆ ಇದನ್ನೆಲ್ಲ ನಿಮಗೆ ತಿಳಿಸುವುದು. ಇನ್ನು ಮೇಲೆ ನಮಗೆ ಗೊತ್ತಿರಲಿಲ್ಲ ಎಂದು ಹೇಳುವ ಸುಖ ನಿಮಗಿಲ್ಲ. ನಾಲ್ಕು ದಿನದ ವಾರ ಬೇಡವೆನ್ನುವವರ ಮಾತಿಗೆ ಕಿವಿಗೊಡಬೇಡಿ. ಬಿಡುವಾರದ ರುಚಿ ಕಂಡವಳು ನಾನು, ಅದನ್ನು ಬಿಟ್ಟುಕೊಡುವವಳಲ್ಲ. ಆದರೆ ಬರೆಯುವಾಗ ಹೊರೆಯನ್ನೂ ಬರೆಯಿರಿ. ಒಲೆಯ ಮುಂದೆ ಕೂತವಳ ದಿನಗಳನ್ನೂ ಬರೆಯಿರಿ. ಪರಸ್ಪರ ಒಪ್ಪಿಗೆ ಎಂಬ ಆ ಸಾಲನ್ನು ಹೊಡೆದುಹಾಕಿ.

ಹಾಗೇ ಉಳಿಸುವುದಾದರೆ ಉಳಿಸಿ. ನಿಮ್ಮ ಮರಿಮಕ್ಕಳ ಮಕ್ಕಳು ನನ್ನ ಕಾಲದಲ್ಲಿ ಇಲ್ಲೇ ಎಲ್ಲೋ ಇದ್ದಾರೆ. ಕೆಲವರು ಮಾಲೀಕರಾಗಿದ್ದಾರೆ. ಹೊರೆ ಅಳೆಯಲು ಯಾರ ಗೂಡಿಗೆ ಯಾವಾಗ ಹೋಗಬೇಕೆಂದು ನಿರ್ಧರಿಸುವವಳು ನಾನು.

ಹುಲಿಗೆಮ್ಮ, ಗವಿಸಿದ್ದನ ಹೆಂಡತಿ