ಹತ್ತೂ ಬೆರಳು

ಕೊಳ್ಳೇಗಾಲ,
೮ ಫೆಬ್ರವರಿ ೧೯೫೪, ಸೋಮವಾರ

ಪ್ರೀತಿಯ ರಂಗಕ್ಕಾ,

ಹೂಗ್ಯದಲ್ಲಿ ನೀನು, ಭಾವ, ಮಕ್ಕಳು, ನಿನ್ನ ಆ ಹಾಯುವ ಎಮ್ಮೆ ಎಲ್ಲರೂ ಸೌಖ್ಯ ತಾನೆ? ನಿನ್ನ ಮಂಡಿನೋವು ಹೇಗಿದೆ? ಇಲ್ಲಿಯ ಸುದ್ದಿ ಒಂದೇ. ಇವತ್ತು ಬೆಳಿಗ್ಗೆ ಮಗ್ಗದ ಕುಣಿಗೆ ಎರಡೂ ಕಾಲು ಇಳಿಬಿಟ್ಟೆ. ಎರಡೂ! ಗೇಣುದ್ದ ರೇಷ್ಮೆ ನೇಯ್ದೇ ಎದ್ದೆ.

ಎರಡು ತಿಂಗಳ ಹಿಂದೆ ಇದೇ ಕುಣಿಯ ಕತ್ತಲಲ್ಲಿ, ತುಳಿಯುವ ಹಲಗೆಯ ಸಿಬರು ಹೆಬ್ಬೆರಳಿಗೆ ಹೊಕ್ಕಿತ್ತು. ಕಾಲು ಜೋಮು ಹಿಡಿದಿತ್ತು, ನನಗೆ ಗೊತ್ತೇ ಆಗಲಿಲ್ಲ. ಕೀವು ನಾತ ಹೊಡೆದ ಮೇಲೆ ಆಸ್ಪತ್ರೆಗೆ ಹೋದೆವು. ಕೊಯಮತ್ತೂರಿನಿಂದ ಇಲ್ಲಿಗೆ ಬಂದಿರುವ ಡಾಕ್ಟರು ಪರೀಕ್ಷೆ ಮಾಡಿ, ರಕ್ತದಲ್ಲಿ "ಸರ್ಕರೈ ಜಾಸ್ತಿ" ಎಂದರು. ತಮಿಳಿನಲ್ಲಿ ಹಾಗೆಂದರೆ ಸಕ್ಕರೆ. ನನ್ನ ಹೆಂಡತಿ ದೇವೀರಮ್ಮನಿಗೆ ಕೇಳಿಸಿದ್ದು ಸರ್ಕಾರ! "ನಮ್ ಯಜಮಾನ್ರ ರಕ್ತದಾಗೆ ಸರ್ಕಾರ ಸೇರ್ಕಂಡದಂತೆ ಕಣ್ರವ್ವಾ" ಎಂದು ಬೀದಿಯುದ್ದಕ್ಕೂ ಅತ್ತಳು. ಜಪ್ತಿಗೆ ಬರುತ್ತಾರೇನೋ ಎಂದು ಪಕ್ಕದ ಮನೆ ಸಿದ್ದಯ್ಯ ತನ್ನ ನೂಲನ್ನೆಲ್ಲ ಅಟ್ಟಕ್ಕೇರಿಸಿಬಿಟ್ಟ.

ಡಾಕ್ಟರು ನಿಧಾನವಾಗಿ ಬಿಡಿಸಿ ಹೇಳಿದರು. ರಕ್ತದಲ್ಲಿ ಬಿಳಿ ಕಣಗಳೆಂಬ ಕಾವಲುಗಾರರು ಇರುತ್ತಾರಂತೆ. ಗಾಯಕ್ಕೆ ರೋಗದ ಹುಳ ಹೊಕ್ಕರೆ ಓಡಿಬಂದು ಹಿಡಿದು ತಿನ್ನಬೇಕು. ಸಕ್ಕರೆ ಏರಿದರೆ, ಮದುವೆಯೂಟ ಮುಗಿಸಿ ಒರಗಿದ ಬೀಗರ ಹಾಗೆ ಏಳುವುದೇ ಇಲ್ಲ. ನಾನೋ, ಗಾಯಕ್ಕೆ ಹಚ್ಚಲು ನೀನು ಕಳಿಸಿದ ಕಾಡುಜೇನನ್ನು ಶಕ್ತಿ ಬರಲೆಂದು ದಿನಾ ಲೋಟದಲ್ಲಿ ಕುಡಿಯುತ್ತಿದ್ದೆ!

ಬೆರಳು ತೆಗೆಯಬೇಕು, ತಡವಾದರೆ ಪಾದವೇ ಹೋಗುತ್ತದೆ ಎಂದರು. ಆಮೇಲೆ ಮಗ್ಗ ತುಳಿಯುವುದು ಹೇಗೆ? "ಸಾ, ಕತ್ತಾದ್ರೂ ತಕಳಿ, ಬೆಳ್ಳು ಬುಟ್ಬುಡಿ" ಎಂದು ಕೈಮುಗಿದೆ. ಹತ್ತು ದಿನ ಗಡುವು ಕೊಟ್ಟರು. ದಿನಾ ಇನ್ಸುಲಿನ್ ಸೂಜಿ, ಪೆನಿಸಿಲಿನ್ ಸೂಜಿ. ದೇವೀರಮ್ಮ ಬೆಲ್ಲದ ಮಡಕೆಯನ್ನೇ ತವರಿಗೆ ಸಾಗಿಸಿದಳು. ಒಂಬತ್ತನೆಯ ದಿನ ಪಟ್ಟಿ ಬಿಚ್ಚಿದರೆ ಕೆಂಪಗೆ ಹೊಸ ಮಾಂಸ! ಡಾಕ್ಟರು ಮೇಜು ಗುದ್ದಿ ನಕ್ಕರು, ನಾನು ಹೋ ಎಂದು ಅತ್ತೆ. ಕಾವಲುಗಾರರು ಎದ್ದರು ಅಕ್ಕಾ, ಗೆದ್ದುಬಿಟ್ಟೆವು. ಈಗ ಗಾಯ ಪೂರ್ತಿ ಮಾಯ್ದಿದೆ.

ಭಾವನವರಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು.

ಹತ್ತೂ ಬೆರಳುಳ್ಳ ನಿನ್ನ ತಮ್ಮ,
ವೆಂಕಟಸ್ವಾಮಿ

ತಾ.ಕ.: ಟಪಾಲಿಗೆ ಹೊತ್ತಾಯಿತು, ಅವಸರದಲ್ಲಿ ಗೀಚುತ್ತಿದ್ದೇನೆ. ಡಾಕ್ಟರು ಅವ್ವನ ವಿಷಯ ಕೇಳಿದರು. ಬೆನ್ನಿನ ಕುರು ಮಾಯದೆ ಹೋದದ್ದು, ಕೊಡಗಟ್ಟಲೆ ನೀರು ಕುಡಿಯುತ್ತಿದ್ದುದು ಎಲ್ಲ ಹೇಳಿದೆ. ಅವಳಿಗೂ ಇದೇ ಕಾಯಿಲೆ ಇದ್ದಿರಬೇಕು, ಮಕ್ಕಳಿಗೂ ಬರಬಹುದು ಎಂದರು. ಶುಕ್ರವಾರದ ಬಸ್ಸಿಗೆ ಬಾ, ನೀನೂ ಪರೀಕ್ಷೆ ಮಾಡಿಸು. "ಮಾದಪ್ಪನ ಹರಕೆ ಮರೆತೆ, ಅದಕ್ಕೇ ಅವ್ವ ಹೋದಳು" ಎಂದು ನೀನು ಹದಿನಾರು ವರ್ಷದಿಂದ ಕೊರಗುತ್ತಿದ್ದೀಯಲ್ಲ, ಇನ್ನು ಸಾಕುಮಾಡು. ಅವ್ವ ಸತ್ತದ್ದು ನಿನ್ನಿಂದಲ್ಲ, ಅಕ್ಕಾ.