ಡಾಕ್ಟರಮ್ಮ ಹೇಳಿದ ಜೀನು

ಭಾವನವರಿಗೆ ನಮಸ್ಕಾರ.

ನೀವು ವಾಪಸು ಕಳಿಸಿದ ಕುದುರೆ ಜೀನು ತಲುಪಿತು. ನನ್ನ ಹೊಲಿಗೆಯೇ ಎಳೆ ಕುದುರೆಯ ಬೆನ್ನಿನ ಚರ್ಮ ಸುಲಿಯಿತೆಂದು ನೀವು ಊರೆಲ್ಲ ಡಂಗುರ ಸಾರಿದ್ದೂ ತಲುಪಿತು. ಮೆತ್ತೆ ಬಿಚ್ಚಿ ನೋಡಿದೆ. ಒಳಗೆ ಒಂದು ಮೊಳೆಯೂ ಎದ್ದಿಲ್ಲ. ಕುದುರೆಯನ್ನು ನೋಡಿದ ಡಾಕ್ಟರಮ್ಮ ಫೋನಿನಲ್ಲಿ ನಿಮಗೆ “ತೊಂದರೆ ಜೀನಿನಲ್ಲೇ ಇದೆ” ಅಂದರಂತೆ. ಪೂರ್ತಿ ಕೇಳಿಸಿಕೊಳ್ಳುವ ತಾಳ್ಮೆ ನಿಮಗೆ ಎಂದಿತ್ತು?

ನಾನೇ ಹೋಗಿ ಕೇಳಿದೆ. ಅವರು ಬಿದ್ದು ಬಿದ್ದು ನಕ್ಕರು.

“ಅಯ್ಯೋ, ಬೆನ್ನ ಮೇಲಿನ ಜೀನಲ್ಲಪ್ಪಾ! ವಂಶವಾಹಿ ಅಂತೀವಲ್ಲ, ಆ ಜೀನು. ಚರ್ಮದ ಪದರಗಳನ್ನ ಹಿಡಿದಿಡೋ ನಾರನ್ನ ನೇರ್ಪಡಿಸೋ ಪ್ರೋಟೀನೇ ಕೆಟ್ಟಿದೆ. ಅಪ್ಪ, ಅಮ್ಮ ಎರಡೂ ಕಡೆಯಿಂದ ಬಂದಿದೆ. ಆ ಅಪ್ಪ, ಅಮ್ಮ ಮಾತ್ರ ನೋಡೋಕೆ ಗಟ್ಟಿಮುಟ್ಟಾಗೇ ಇರ್ತವೆ.”

ನನಗೆ ನಗು ಬರಲಿಲ್ಲ. ನೀವು ಅದೇ ಜೋಡಿಯನ್ನು ಮತ್ತೆ ಕೂಡಿಸಲು ಹೊರಟಿದ್ದೀರೆಂದು ಅಕ್ಕ ಹೇಳಿದಳು. ದಯವಿಟ್ಟು ಬೇಡ. ಈಗಿರುವ ಮರಿಯ ಬೆನ್ನಿಗೂ ಇನ್ನು ಯಾರ ಜೀನೂ ಬೇಡ, ಎಷ್ಟೇ ಮೆತ್ತಗಿರಲಿ. ಡಂಗುರ ಸಾರಿದ ಬಾಯಲ್ಲೇ ಇದನ್ನೂ ಊರಿಗೆ ಹೇಳಿಬಿಡಿ.

“ಇದು ಸರಿಯಿಲ್ಲ, ಬೇರೆ ಜೀನು ಹೊಲಿದು ಕಳಿಸಲಿ” ಎಂದು ಅಕ್ಕನ ಕೈಲಿ ಹೇಳಿಸಿದ್ದೀರಿ. ಸರಿಯಿಲ್ಲದ ಆ ಜೀನನ್ನು ಹೊಲಿಯುವ ಸೂಜಿ ನನ್ನ ಅಂಗಡಿಯಲ್ಲಿಲ್ಲ, ಭಾವ.

ಇಂತಿ,
ನಿಮ್ಮ ಭಾವಮೈದುನ